ನಲಿ-ಕಲಿ ಕೋಣೆಯಲ್ಲಿ ಎಸ್‌ಡಿಎಂಸಿಯವರು ಏನು ನೋಡಬೇಕು?

ಹೊಸ ಸದಸ್ಯೆ:
ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, 42 ಮಕ್ಕಳು, ಇಬ್ಬರು ಶಿಕ್ಷಕರು. ಎಸ್‌ಡಿಎಂಸಿಯಲ್ಲಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಈ ಸಲ ಬಹುತೇಕ ಹೊಸಬರೇ. ಸಭೆ ಅಂದರೆ ಬಿಸಿಯೂಟ, ಶೌಚಾಲಯ, ಕಾಂಪೌಂಡು, ಅಷ್ಟಕ್ಕೇ ಮುಗಿಯುತ್ತೆ. ಕಲಿಕೆಯ ಮಾತೆತ್ತಿದರೆ ಪೋಷಕರದ್ದು ಒಂದೇ ದೂರು: "ಒಂದನೇ ಕ್ಲಾಸಿಗೆ ಸೇರಿಸಿ ಐದು ತಿಂಗಳಾಯ್ತು, ಮಗೂಗೆ ಅ ಆ ಇ ಈ ಬರಲ್ಲ." ನಮ್ಮಲ್ಲಿ ನಲಿ-ಕಲಿ, ಅಂದರೆ ಕಾರ್ಡು ಹಿಡಿದು ಚಟುವಟಿಕೆಯಿಂದ ಕಲಿಯುವ ಪದ್ಧತಿ; 1, 2, 3ನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕೂತಿರುತ್ತಾರೆ, ಯಾರು ಏನು ಕಲಿಯುತ್ತಿದ್ದಾರೆ ಅಂತ ನೋಡಿದವರಿಗೆ ತಿಳಿಯಲ್ಲ. ಮುಂದಿನ ಸಭೆಯಲ್ಲಿ ವಿವರಿಸೋಕೆ ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ನಾವು ಏನು ಕೇಳಬೇಕು? ಪಠ್ಯಕ್ರಮದ ವಿಷಯದಲ್ಲಿ ನಮಗೆ ಅಧಿಕಾರ ಎಷ್ಟು?

ಕಲಿಕಾ ಏಣಿ:
ಮೇಡಂ, ಮೊದಲು ಅಧಿಕಾರದ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರ 29ನೇ ಸೆಕ್ಷನ್ ಪ್ರಕಾರ ಪಠ್ಯಕ್ರಮ ರೂಪಿಸೋದು ಸರ್ಕಾರ ಗೊತ್ತುಪಡಿಸಿದ ಶೈಕ್ಷಣಿಕ ಪ್ರಾಧಿಕಾರ, ನಮ್ಮಲ್ಲಿ ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ). ಅದನ್ನು ಬದಲಾಯಿಸಿ ಅಂತ ಸಮಿತಿ ಠರಾವು ಮಾಡೋಕೆ ಬರಲ್ಲ. ಆದರೆ ಶಾಲೆಯ ಕೆಲಸದ ಮೇಲೆ ನಿಗಾ ಇಡೋದು, ಶಾಲಾ ಅಭಿವೃದ್ಧಿ ಯೋಜನೆ ಮಾಡೋದು 21ನೇ ಸೆಕ್ಷನ್ ಸಮಿತಿಗೇ ಕೊಟ್ಟ ಕೆಲಸ. ಮಗುವಿನ ಹಾಜರಿ, ಪ್ರಗತಿಯನ್ನು ಪೋಷಕರಿಗೆ ತಿಳಿಸೋದು 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯ. ಹಾಗಾಗಿ ಸಂಕೋಚ ಬೇಡ, ಕೇಳಿ.

ಇನ್ನು ಅ ಆ ಇ ಈ. ನಲಿ-ಕಲಿ ವರ್ಣಮಾಲೆಯ ಕ್ರಮದಲ್ಲಿ ಹೋಗೋದೇ ಇಲ್ಲ. ಮೊದಲ ಕಂತು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಮೊದಲ ಐದಕ್ಷರದಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಇಷ್ಟೂ ಓದಬಹುದು. ಅ ಆ ಇ ಈ ಉ ಅಂತ ಐದು ಕಲಿತ ಮಗು ಅಷ್ಟರಲ್ಲಿ ಎಷ್ಟು ಪದ ಓದೀತು, ನೀವೇ ಬರೆದು ನೋಡಿ. ಪೋಷಕರ ಸಭೆಯಲ್ಲಿ ಬೋರ್ಡಿನ ಮೇಲೆ ಇದೊಂದನ್ನು ಬರೆದು ತೋರಿಸಿದರೆ ಅರ್ಧ ದೂರು ಅಲ್ಲೇ ನಿಲ್ಲುತ್ತೆ. ಐದು ತಿಂಗಳಾದ ಮಗುವಿಗೆ "ಅ ಆ ಇ ಈ ಹೇಳು" ಅನ್ನಬೇಡಿ, "ಗರಗಸ" ಬರೆದು ಓದಿಸಿ. ಅದೂ ಬರದಿದ್ದರೆ ಮಾತ್ರ ಚಿಂತೆ ಮಾಡಬೇಕು.

ಮೂರನೇ ತಟ್ಟೆ:
ಕೋಣೆಯಲ್ಲಿ ನೋಡೋದರ ಬಗ್ಗೆ ಹೇಳ್ತೀನಿ. ಗುಂಪುಗಳು ತರಗತಿವಾರು ಅಲ್ಲ, ಮಗುವಿಗೆ ಎಷ್ಟು ಆಸರೆ ಬೇಕು ಅನ್ನೋದರ ಮೇಲೆ. ಪೂರ್ತಿ ಶಿಕ್ಷಕರ ಸಹಾಯ, ಭಾಗಶಃ ಶಿಕ್ಷಕರ ಸಹಾಯ, ಪೂರ್ತಿ ಸಹಪಾಠಿಗಳ ಸಹಾಯ, ಭಾಗಶಃ ಸಹಪಾಠಿಗಳ ಸಹಾಯ, ಕೊನೆಗೆ ಸ್ವಕಲಿಕೆ. ಇವಕ್ಕೇ ತಟ್ಟೆ ಅನ್ನೋದು. ಗೋಡೆಯ ಕಲಿಕಾ ಏಣಿಯಲ್ಲಿ, ಅಂದರೆ ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸೋ ಪಟದಲ್ಲಿ, ಮಗು ತನ್ನ ಮೆಟ್ಟಿಲು ಹುಡುಕಿ, ಅಲ್ಲಿರೋ ಚಿತ್ರಗುರುತು ಮತ್ತು ಸಂಖ್ಯೆ ನೋಡಿ ಅದೇ ಗುರುತಿನ ಕಾರ್ಡು ತಗೊಂಡು ಆಯಾ ತಟ್ಟೆಗೆ ಹೋಗಿ ಕೂರಬೇಕು. ಹದಿನೈದು ದಿನ ಗೈರಾದ ಮಗು ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಶುರು. ಕೂಲಿಗೆ, ಸುಗ್ಗಿಗೆ ಅಂತ ಊರು ಬಿಡುವ ಮನೆಗಳ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಇದು ಶುರುವಾಗಿದ್ದೂ ಇಂಥ ಬಹುವರ್ಗ ಶಾಲೆಗಳಿಗಾಗಿಯೇ.

ಎಡವೋದು ಎಲ್ಲಿ ಅಂದರೆ ಕಾರ್ಡಿನಲ್ಲಿ. ಒಂದು ಕಾರ್ಡು ಕಳೆದರೆ ಆ ಮೆಟ್ಟಿಲಿಗೆ ಬಂದ ಮಕ್ಕಳೆಲ್ಲ ಅಲ್ಲೇ ನಿಲ್ಲುತ್ತಾರೆ, ಇಲ್ಲಾ ಹಾರಿ ಮುಂದೆ ಹೋಗ್ತಾರೆ. ಹಾರಿದ್ದು ಆಗ ಗೊತ್ತಾಗಲ್ಲ, ನಾಲ್ಕನೇ ತರಗತಿಯಲ್ಲಿ ಭಾಗಾಕಾರ ಬಂದಾಗ ಬಯಲಾಗುತ್ತೆ. ಆದ್ದರಿಂದ ಸಭೆಯ ದಿನ ಏಣಿಯ ಮುಂದೆ ನಿಂತು ಯಾವುದಾದರೂ ಹತ್ತು ಮೆಟ್ಟಿಲು ಆರಿಸಿ, ಹತ್ತಕ್ಕೂ ಕಾರ್ಡು ತೆಗೆಸಿ ನೋಡಿ. ಎರಡು ಸಿಗಲಿಲ್ಲ ಅಂದರೆ ಅವತ್ತೇ ಪೂರ್ತಿ ಎಣಿಕೆ ಮಾಡಿಸಿ.

ಇನ್ನೊಂದು ನೋಡಬೇಕಾದ್ದು ‘ಪ್ರಗತಿ ನೋಟ’, ಅಂದರೆ ಯಾವ ಮಗು ಯಾವ ಮೆಟ್ಟಿಲಿಗೆ ಬಂದಿದೆ ಅಂತ ಗುರುತು ಹಾಕೋ ಪಟ್ಟಿ. ಒಂದೇ ಪೆನ್ನಿನಲ್ಲಿ, ಎಲ್ಲ ಮಕ್ಕಳಿಗೂ ಒಂದೇ ಮೆಟ್ಟಿಲವರೆಗೆ ಗುರುತು ಹಾಕಿದ್ದರೆ ಅದು ಒಂದೇ ದಿನ ಕೂತು ತುಂಬಿದ್ದು ಅಂತಲೇ ತಿಳೀರಿ. ನಿಜವಾದದ್ದು ಯಾವಾಗಲೂ ಏರುಪೇರಾಗಿರುತ್ತೆ.

ಓದಿನ ಲೆಕ್ಕ:
ಮೇಲಿನವರ ಮಾತಿಗೆ ಒಂದು ಸೇರಿಸ್ತೀನಿ. ಏಣಿ ಹತ್ತಿದ್ದು ಕಾಣುತ್ತೆ, ಕಲಿತದ್ದು ಕಾಣಬೇಕಲ್ಲ. 2021ರಲ್ಲಿ ಬಂದ ನಿಪುಣ್ ಭಾರತ್ ಅನ್ನೋ ಕೇಂದ್ರದ ಓದು-ಲೆಕ್ಕದ ಕಾರ್ಯಕ್ರಮದ ಗುರಿ ಹಿಡಿದು ನೋಡಬಹುದು: 3ನೇ ತರಗತಿ ಮುಗಿಯೋ ಹೊತ್ತಿಗೆ ನಿಮಿಷಕ್ಕೆ ಕನಿಷ್ಠ 60 ಪದ ಅರ್ಥವಾಗುವಂತೆ ಓದಬೇಕು, 9999ರವರೆಗೆ ಸಂಖ್ಯೆ ಓದಿ ಬರೀಬೇಕು. 2ನೇ ತರಗತಿಗೆ 999, 1ಕ್ಕೆ 99.

ಹಾಜರಿ ಪುಸ್ತಕದಿಂದ ಮೂರು ಕ್ರಮಸಂಖ್ಯೆ ಆರಿಸಿ, ಮುಂದೆ ಕೂರುವ ಮಕ್ಕಳನ್ನಲ್ಲ. ಮಗು ಹಿಂದೆ ನೋಡಿರದ ನಾಲ್ಕೈದು ಸಾಲು ಕೊಡಿ. ಪರಿಚಿತ ಪಾಠ ಕೊಟ್ಟರೆ ಬಾಯಿಪಾಠ ಒಪ್ಪಿಸುತ್ತೆ. ಒಂದು ನಿಮಿಷ ಓದಿಸಿ, ಆಮೇಲೆ ಎರಡು ಪ್ರಶ್ನೆ. ಓದಿಸೋದು ಶಿಕ್ಷಕರೇ ಆಗಿರಲಿ, ಸದಸ್ಯರು ಪಕ್ಕದಲ್ಲಿ ಸುಮ್ಮನೆ ಕೂತಿರಲಿ. ಊರಿನವರು ಸುತ್ತ ನಿಂತರೆ ಬರೋ ಮಗುವಿಗೂ ಬಾಯಿ ಕಟ್ಟುತ್ತೆ.

60 ಅನ್ನೋದನ್ನು ಬಿಗಿಯಾಗಿ ಹಿಡಿಯಬೇಡಿ. ಕನ್ನಡದಲ್ಲಿ "ಹೋಗುತ್ತಿದ್ದಾಗಲೇ" ಅನ್ನೋದು ಒಂದೇ ಪದ. ನಲವತ್ತು ಪದ ಓದಿ ಎರಡೂ ಪ್ರಶ್ನೆಗೆ ಉತ್ತರ ಹೇಳಿದ ಮಗು, ಎಪ್ಪತ್ತು ಓದಿ ಏನೂ ಹೇಳದ ಮಗುವಿಗಿಂತ ಮುಂದಿದೆ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಹೊಸ ಸದಸ್ಯೆ:
ತುಂಬಾ ಉಪಯೋಗ ಆಯ್ತು. ಕಾರ್ಡು ಕಡಿಮೆ ಇದ್ದರೆ ದುಡ್ಡು ಎಲ್ಲಿಂದ?

ಕಲಿಕಾ ಏಣಿ:
ಮೊದಲು ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ನೆರವಾಗುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ಹೆಚ್ಚುವರಿ ಪ್ರತಿ ಕೇಳಿ. ಸಿಗದಿದ್ದರೆ ಪಕ್ಕದ ಶಾಲೆಯಿಂದ ತಂದು ಕಲರ್ ಜೆರಾಕ್ಸ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ. ಗುರುತು, ಸಂಖ್ಯೆ ಮಾತ್ರ ಸ್ಪಷ್ಟವಾಗಿ ಬರಬೇಕು. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಶಾಲಾ ಅನುದಾನ ಇದೆ, ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಉಳಿದದ್ದರಲ್ಲಿ ಬೋಧನೋಪಕರಣಕ್ಕೂ ಅವಕಾಶ ಇದೆ. ನಡಾವಳಿ ಪುಸ್ತಕದಲ್ಲಿ "ಕಲಿಕಾ ಸಾಮಗ್ರಿ ಖರೀದಿ" ಅಂತಷ್ಟೇ ಬರೆಯಬೇಡಿ. ಯಾವ ವಿಷಯದ ಎಷ್ಟು ಕಾರ್ಡು, ಯಾವ ತಾರೀಕಿನೊಳಗೆ, ಯಾರ ಜವಾಬ್ದಾರಿ ಅಂತ ಬರೆಸಿ ಸಹಿ ಹಾಕಿ. ಮುಂದಿನ ಸಭೆಯಲ್ಲಿ ಮೊದಲು ಅದೇ ಪುಟ ತೆಗೆಯಿರಿ.