ಅಪ್‌ಡೇಟ್: ಮನೆಯ ಊಟ ತಿನ್ನುವ ನಾಯಿಯ ಕೂದಲು ಈಗ ಸುಧಾರಿಸಿದೆ

ಬೇಯಿಸಿದ ಕೋಳಿಮಾಂಸ, ಅನ್ನ, ಕ್ಯಾರೆಟ್ ಕೊಡುತ್ತಿದ್ದರೂ ನಮ್ಮ ಐದು ವರ್ಷದ ನಾಯಿಯ ಕೂದಲು ಒರಟಾಗಿ ಉದುರುತ್ತಿದೆ, ಊಟದಲ್ಲಿ ಏನು ಕೊರತೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಫಲ ಕೊಟ್ಟದ್ದು, ಪದಾರ್ಥ ಮತ್ತು ಅಳತೆಗಳನ್ನು ಬರೆದುಕೊಂಡು ಹೋಗಿ ಪಶುವೈದ್ಯರಿಗೆ ತೋರಿಸಿ ಎಂದವರ ಸಲಹೆ. ಪಟ್ಟಿ ನೋಡಿದ ಕೂಡಲೇ ವೈದ್ಯರು ಕ್ಯಾಲ್ಸಿಯಂ, ಜಿಂಕ್, ಅಯೋಡಿನ್, ವಿಟಮಿನ್ ಇ ಸಾಲದು ಎಂದರು. ಮಾಂಸದಲ್ಲಿ ರಂಜಕ (ಫಾಸ್ಫರಸ್) ಧಾರಾಳ, ಕ್ಯಾಲ್ಸಿಯಂ ತೀರಾ ಕಡಿಮೆ. ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ಅದರ ಎರಡು ಪಟ್ಟು ಮೀರಬಾರದು. ಈಗ ನಾಯಿಯ ತೂಕ ನೋಡಿ ಅವರು ಬರೆದುಕೊಟ್ಟ ಖನಿಜ, ವಿಟಮಿನ್‌ಗಳ ಪುಡಿಯನ್ನು ಊಟ ಆರಿದ ಮೇಲೆ ಕಲಸುತ್ತೇನೆ. ಬಿಸಿಗೆ ಕೆಲವು ವಿಟಮಿನ್‌ಗಳು ನಾಶವಾಗುತ್ತವೆ. ಬೆನ್ನು ಸವರಿದಾಗಲೆಲ್ಲ ಅಂಗೈಗೆ ಅಂಟುತ್ತಿದ್ದ ಬಿಳಿ ಹೊಟ್ಟು ಮಾಯವಾಗಿದೆ, ಕತ್ತಿನ ಬಳಿ ನುಣುಪಾದ ಹೊಸ ಕೂದಲು ಬರುತ್ತಿದೆ. ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ!

ಮೊಟ್ಟೆ ಚಿಪ್ಪಿನ ಪುಡಿ ಕ್ಯಾಲ್ಸಿಯಂ ಕೊರತೆಯನ್ನಷ್ಟೇ ನೀಗುತ್ತದೆ, ಚರ್ಮಕ್ಕೆ ಅದರಿಂದ ಪ್ರಯೋಜನವಾಗಲಿಲ್ಲ. ತರಕಾರಿ ಹೆಚ್ಚಿಸಿದಾಗ ಮಲ ಸಡಿಲವಾಯಿತು, ಅಷ್ಟೇ.

ಅಚ್ಚರಿ ಹುಟ್ಟಿಸಿದ್ದು ಲಿವರ್. ಒಳ್ಳೆಯದೆಂದು ದಿನವೂ ಧಾರಾಳವಾಗಿ ಹಾಕುತ್ತಾ ಹೋದರೆ ವಿಟಮಿನ್ ಎ ಅತಿಯಾಗಿ ಮೂಳೆಗಳಿಗೇ ಕುತ್ತಂತೆ. ರುಚಿಗೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿ ಎಂದೂ ಒಬ್ಬರು ಬರೆದಿದ್ದರು. ದಯವಿಟ್ಟು ಬೇಡ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ.