ಹ್ಯಾಮರ್ ಇಲ್ಲದ ರಿಗ್, ಬರೀ ತಿರುಗಿಸಿಯೇ 3,000 ಮೀಟರ್ ಇಳಿಯುವುದು ಹೇಗೆ?

ಮುಂಗಾರು_ಜೋಳ ಕೇಳಿದ್ದು:

ನಮ್ಮ ಕಡೆ ಬೋರ್ ಲಾರಿ ಬಂತೆಂದರೆ ಕಂಪ್ರೆಸರ್ ಸದ್ದು, ಹ್ಯಾಮರ್ ಬಡಿತ, ಊರೆಲ್ಲ ಬಿಳಿ ಧೂಳು. ಆರೂವರೆ ಇಂಚಿನ ಬಿಟ್ ಬಂಡೆ ಕುಟ್ಟುತ್ತದೆ, ಗಾಳಿ ಪುಡಿಯನ್ನು ಮೇಲಕ್ಕೆ ಊದುತ್ತದೆ. ಇಷ್ಟು ಅರ್ಥವಾಗುತ್ತದೆ. ತೈಲ ಬಾವಿಯ ರಿಗ್ಗಿನಲ್ಲಿ ಹ್ಯಾಮರೂ ಕಾಣಲ್ಲ, ಧೂಳೂ ಏಳಲ್ಲ. ಪೈಪು ತಿರುಗುತ್ತಿರುತ್ತದೆ, ಕೆಸರು ಹರಿಯುತ್ತಿರುತ್ತದೆ, ಅಷ್ಟೆ. ಮೂರು ಅನುಮಾನ:

1. ಕುಟ್ಟದೆ ಕಲ್ಲು ಹೇಗೆ ಒಡೆಯುತ್ತೆ?
2. ಐದಿಂಚಿನ ಪೈಪನ್ನು ಮೂರು ಕಿಲೋಮೀಟರ್ ಮೇಲಿಂದ ಒತ್ತಿದರೆ ಬಾಗುವುದಿಲ್ಲವೇ?
3. ಕೆಸರೇ ಯಾಕೆ, ನೀರು ಸಾಲದೇ?

ತೂಗುಗುಂಡು:

ಎರಡನೆಯದರಿಂದ ಶುರು ಮಾಡೋಣ, ಅದು ತಿಳಿದರೆ ರಿಗ್ಗಿನ ಅರ್ಧ ಗುಟ್ಟು ತಿಳಿದ ಹಾಗೆ. ಮೇಲಿಂದ ಯಾರೂ ಒತ್ತುವುದಿಲ್ಲ. ಇಡೀ ಪೈಪು ಡೆರಿಕ್ಕಿನ (ರಿಗ್ಗಿನ ಗೋಪುರದ) ಹುಕ್ಕಿಗೆ ನೇತುಬಿದ್ದಿರುತ್ತದೆ, ಗಾರೆಯವರ ತೂಗುಗುಂಡಿನ ದಾರದ ಹಾಗೆ. ಗುಂಡಿನ ಜಾಗದಲ್ಲಿರುವುದು ಡ್ರಿಲ್ ಕಾಲರ್, ಅಂದರೆ ದಪ್ಪ ಗೋಡೆಯ ಭಾರದ ಪೈಪು. ಐದಿಂಚಿನ ಡ್ರಿಲ್ ಪೈಪು ಮೀಟರಿಗೆ 30 ಕೆ.ಜಿ. ಆಸುಪಾಸು ತೂಗಿದರೆ, ಆರೂವರೆ ಇಂಚಿನ ಕಾಲರ್ ಸುಮಾರು 136 ಕೆ.ಜಿ. ತೂಗುತ್ತದೆ. ಒಂಬತ್ತು ಮೀಟರಿನ ಒಂದು ಕಾಲರ್ ಅಂದರೆ 1.2 ಟನ್‌ಗೂ ಮೇಲೆ.

ಎಂಟೂವರೆ ಇಂಚಿನ ಬಿಟ್ಟಿಗೆ 12 ಟನ್ ಭಾರ ಬೇಕು ಅಂದುಕೊಳ್ಳಿ. ಕಾಲರುಗಳ ಪೂರ್ತಿ ತೂಕವನ್ನು ಬಿಟ್ ಮೇಲೆ ಕೂರಿಸುವ ಹಾಗಿಲ್ಲ, 85% ದಾಟಬಾರದು. 12ನ್ನು 0.85ರಿಂದ ಭಾಗಿಸಿದರೆ 14.1 ಟನ್. ಕೆಸರಿನಲ್ಲಿ ಮುಳುಗಿದ ಉಕ್ಕು ಹಗುರವಾಗುತ್ತದಲ್ಲ, 1.2 ಸಾಂದ್ರತೆಯ ಮಡ್‌ನಲ್ಲಿ ಉಳಿಯುವುದು ಸುಮಾರು 85% ತೂಕ. ಹಾಗಾಗಿ ಗಾಳಿಯಲ್ಲಿ ತೂಗಿದರೆ 16.7 ಟನ್ ಬೇಕು, ಅಂದರೆ 14 ಕಾಲರ್.

ಆ 85%ರ ಮಿತಿ ಯಾಕೆಂದರೆ, ಪೈಪಿನಲ್ಲಿ ಎಳೆತ ಮುಗಿದು ಒತ್ತು ಶುರುವಾಗುವ ಜಾಗವೊಂದಿದೆ. ಅದು ಕಾಲರುಗಳ ಒಳಗೇ ಇರಬೇಕು. ಆಸೆಗೆ ಬಿದ್ದು ಇನ್ನು ಮೂರು ಟನ್ ಜಾಸ್ತಿ ಕೂರಿಸಿದರೆ ಅದು ತೆಳು ಪೈಪಿಗೆ ಏರುತ್ತದೆ, ಪೈಪು ಬಾಗುತ್ತದೆ. ಬಾಗಿದ ಪೈಪು ನಿಮಿಷಕ್ಕೆ 100 ಸುತ್ತು ತಿರುಗಿದರೆ, ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿದ ಹಾಗೆ ಜೋಡಣೆಯ ಹತ್ತಿರ ಕತ್ತರಿಸಿ ಬೀಳುತ್ತದೆ. ಕೆಳಗೆ ಉಳಿದ ತುಂಡಿಗೆ ರಿಗ್ಗಿನವರ ಭಾಷೆಯಲ್ಲಿ ಫಿಶ್ ಅಂತ ಹೆಸರು. ಅದನ್ನು ಹಿಡಿದೆತ್ತಲು ದಿನಗಟ್ಟಲೆ ಹಿಡಿಯಬಹುದು.

ಡ್ರಿಲ್ಲರನ ಮುಂದೆ ತೂಕದ ದೊಡ್ಡ ಡಯಲ್ ಇರುತ್ತದೆ. ಬಿಟ್ ತಳ ಮುಟ್ಟುವ ಮೊದಲು ಮುಳ್ಳು 90 ಟನ್ ತೋರಿಸುತ್ತಿತ್ತು ಅನ್ನಿ. ಬ್ರೇಕ್ ಸಡಿಲಿಸಿ ಇಳಿಸುತ್ತಾ ಹೋದಂತೆ 78ಕ್ಕೆ ಬಂತು. ಆ ಕಳೆದ 12 ಟನ್ ಈಗ ಬಿಟ್ ಮೇಲೆ ಕೂತಿದೆ. ಕಲ್ಲು ಕೊರೆದಷ್ಟೂ ಮುಳ್ಳು ಮತ್ತೆ 90ರ ಕಡೆಗೆ ತೆವಳುತ್ತದೆ, ಡ್ರಿಲ್ಲರ್ ಮತ್ತೆ ಸ್ವಲ್ಪ ಬಿಡುತ್ತಾನೆ.

ಇನ್ನು ಕಲ್ಲು ಒಡೆಯುವ ವಿಚಾರ. ಮೂರು ಕೋನಿನ ಟ್ರೈಕೋನ್ ಬಿಟ್‌ನಲ್ಲಿ ಕೋನುಗಳು ಉರುಳುತ್ತಾ ಹಲ್ಲನ್ನು ಕಲ್ಲಿಗೆ ಊರಿ ನುರಿಸುತ್ತವೆ. ಮೆತ್ತನೆಯ ಪದರಕ್ಕೆ ಉದ್ದ ಉಕ್ಕಿನ ಹಲ್ಲು, ಗಟ್ಟಿ ಕಲ್ಲಿಗೆ ಗಿಡ್ಡ ಕಾರ್ಬೈಡ್ ಗುಂಡಿ. ಪಿಡಿಸಿ ಬಿಟ್‌ನಲ್ಲಿ ಉರುಳುವ ಭಾಗವೇ ಇಲ್ಲ, ಕೃತಕ ವಜ್ರದ ಬಿಲ್ಲೆಗಳು ಉಳಿ ಹಿಡಿದು ಹೆರೆದ ಹಾಗೆ ಹೆರೆಯುತ್ತವೆ. ಜೇಡಿಗಲ್ಲಿಗೆ ಪಿಡಿಸಿಯನ್ನು ಮೀರಿಸಿದ್ದಿಲ್ಲ, ಉರುಟುಗಲ್ಲು ತುಂಬಿದ ಪದರ ಬಂದರೆ ಮಾತ್ರ ಬಿಲ್ಲೆಗಳು ಚಕ್ಕೆ ಏಳುತ್ತವೆ.

ತಿರುಗಿಸುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಳೇ ಪದ್ಧತಿಯಲ್ಲಿ ಮೇಲ್ತುದಿಗೆ ಕೆಲ್ಲಿ ಎಂಬ ಚೌಕ ಅಥವಾ ಆರು ಮೂಲೆಯ ಪೈಪು. ನೆಲಮಟ್ಟದ ರೋಟರಿ ಟೇಬಲ್ ಅದನ್ನು ಹಿಡಿದು ತಿರುಗಿಸುತ್ತದೆ, ಕೆಲ್ಲಿ ಅದರೊಳಗೆ ಜಾರುತ್ತಾ ಇಳಿಯುತ್ತದೆ. ಹೊಸ ರಿಗ್ಗುಗಳಲ್ಲಿ ಟಾಪ್ ಡ್ರೈವ್ ಮೋಟರ್ ಮೇಲೆಯೇ ತೂಗಿರುತ್ತದೆ. ಕೆಲ್ಲಿಯಲ್ಲಿ ಒಂಬತ್ತು ಮೀಟರಿಗೊಮ್ಮೆ ನಿಲ್ಲಿಸಿ ಪೈಪು ಸೇರಿಸಬೇಕು, ಟಾಪ್ ಡ್ರೈವ್‌ನಲ್ಲಿ ಮೂರು ಪೈಪಿನ ಕಟ್ಟು ಒಂದೇ ಸಲಕ್ಕೆ.

ಅಂಬಲಿ_ಹದ:

ಮೂರನೇ ಪ್ರಶ್ನೆ ನನ್ನದು. ಬರೀ ನೀರಿನ ತೊಂದರೆ ಪಂಪ್ ನಿಂತಾಗ ಗೊತ್ತಾಗುತ್ತದೆ. ಪೈಪು ಸೇರಿಸಲು ಪಂಪ್ ನಿಲ್ಲಿಸಿದ ಕ್ಷಣ ನೀರಿನಲ್ಲಿ ತೇಲುತ್ತಿದ್ದ ಕಲ್ಲುಪುಡಿಯೆಲ್ಲ ಕೆಳಗಿಳಿದು ಬಿಟ್ ಸುತ್ತ ಕೂರುತ್ತದೆ, ಪೈಪು ಸಿಕ್ಕಿಕೊಳ್ಳುತ್ತದೆ. ಬೆಂಟೊನೈಟ್ ಎಂಬ ಜೇಡಿ ಕಲಸಿದ ಮಡ್ (ಕೆಸರು) ಹಾಗಲ್ಲ. ನಿಂತ ಅಂಬಲಿ ಗಟ್ಟಿಯಾಗಿ, ಕೈಯಾಡಿಸಿದರೆ ತೆಳ್ಳಗಾಗುತ್ತದಲ್ಲ, ಅದೇ ಗುಣ. ನಿಂತಾಗ ಹೆಪ್ಪುಗಟ್ಟಿ ಪುಡಿಯನ್ನು ಇದ್ದಲ್ಲೇ ಹಿಡಿದಿಡುತ್ತದೆ, ಪಂಪ್ ಶುರುವಾದರೆ ಮತ್ತೆ ಹರಿಯುತ್ತದೆ.

ಎರಡನೆಯದು ಗೋಡೆ. ಮಡ್‌ನ ನೀರಂಶ ಸ್ವಲ್ಪ ಗೋಡೆಯೊಳಗೆ ಇಂಗಿ, ಜೇಡಿ ಮಾತ್ರ ಮೇಲೆ ನಿಂತು ನೆಲ ಸಾರಿಸಿದ ಹಾಗೆ ಒಂದು ಪದರವಾಗುತ್ತದೆ. ತೆಳ್ಳಗಿದ್ದರೆ ಸರಿ. ದಪ್ಪಗಾದರೆ ನಿಂತ ಪೈಪು ಅದಕ್ಕೆ ಅಂಟಿಕೊಳ್ಳುತ್ತದೆ. ಬಾವಿಯೊಳಗಿನ ಒತ್ತಡ ಪದರದ ಒತ್ತಡಕ್ಕಿಂತ ಹೆಚ್ಚಿರುವುದರಿಂದ ಪೈಪು ಗೋಡೆಗೆ ಒತ್ತಿಕೊಂಡೇ ಇರುತ್ತದೆ, ಎಳೆದರೂ ಬರದು.

ಮೂರನೆಯದು ಭಾರ. 3,000 ಮೀಟರ್ ಆಳದಲ್ಲಿ ನೀರು ಕೊಡುವ ಒತ್ತಡ 294 ಬಾರ್. 1.2 ಸಾಂದ್ರತೆಯ ಮಡ್ 353 ಬಾರ್ ಕೊಡುತ್ತದೆ. ಪದರದಲ್ಲಿ 320 ಬಾರ್‌ನ ಗ್ಯಾಸ್ ಇದ್ದರೆ ನೀರು ಸೋಲುತ್ತದೆ, ಮಡ್ ಗೆಲ್ಲುತ್ತದೆ. ಹಾಗಂತ ಬ್ಯಾರೈಟ್ ಎಂಬ ಭಾರದ ಖನಿಜದ ಪುಡಿ ಸುರಿದು ಭಾರ ಏರಿಸುತ್ತಾ ಹೋದರೆ ಪದರವೇ ಬಿರಿದು ಮಡ್ ಪೂರ್ತಿ ಅದರೊಳಗೆ ಹೋಗಿಬಿಡುತ್ತದೆ.

ಮಡ್ ಪೈಪಿನೊಳಗಿಂದ ಇಳಿದು, ಬಿಟ್ಟಿನ ನಾಜಲ್ (ತೂತು) ಮೂಲಕ ಹೊರಬಿದ್ದು, ಪೈಪಿನ ಸುತ್ತಲ ಸಂದಿನಲ್ಲಿ ಪುಡಿಯನ್ನು ಹೊತ್ತು ಮೇಲೇರುತ್ತದೆ. ಹರಿವಿನ ಲೆಕ್ಕ ಹೀಗೆ: ಎಂಟೂವರೆ ಇಂಚಿನ ಬಾವಿ, ಐದಿಂಚಿನ ಪೈಪು, ನಡುವಿನ ಸಂದು ಮೀಟರಿಗೆ 24 ಲೀಟರ್. ನಿಮಿಷಕ್ಕೆ 2,000 ಲೀಟರ್ ಪಂಪ್ ಮಾಡಿದರೆ ಮಡ್ ನಿಮಿಷಕ್ಕೆ 83 ಮೀಟರ್ ಏರುತ್ತದೆ. ಅಂದರೆ ತಳದಲ್ಲಿ ಈಗ ಒಡೆದ ಕಲ್ಲು ಮೇಲಿನ ಜರಡಿಗೆ ಬರಲು 36 ನಿಮಿಷ. ಜರಡಿಯಲ್ಲಿ ಮರಳು ಕಂಡ ತಕ್ಷಣ ‘ಮರಳಿನಲ್ಲಿದ್ದೇವೆ’ ಅನ್ನುವವರು 36 ನಿಮಿಷ ಹಳೇ ಸುದ್ದಿ ಓದುತ್ತಿದ್ದಾರೆ.

ಪಂಪಿನ ಒತ್ತಡದ ಮುಳ್ಳಂತೂ ನಾಡಿ ಇದ್ದ ಹಾಗೆ. ಪಂಪಿನ ಸ್ಟ್ರೋಕ್ (ಅದು ಓಡುವ ವೇಗ) ಬದಲಾಗದೆ ಒತ್ತಡ ನಿಧಾನವಾಗಿ ಇಳಿಯುತ್ತಿದ್ದರೆ ಪೈಪಿನ ಜೋಡಣೆಯಲ್ಲೆಲ್ಲೋ ಮಡ್ ಕೊರೆದು ತೂತಾಗುತ್ತಿದೆ. ಆಗಲೇ ಎತ್ತಿ ಹುಡುಕಿ, ತಡಮಾಡಿದರೆ ಅಲ್ಲೇ ಮುರಿಯುತ್ತದೆ. ಥಟ್ಟನೆ ಬಿದ್ದು ತೂಕದ ಡಯಲ್ಲೂ ಇಳಿದರೆ ಮುರಿದಾಯ್ತು. ಥಟ್ಟನೆ ಏರಿದರೆ ಬಿಟ್ಟಿನ ನಾಜಲ್ ಕಟ್ಟಿದೆ. ಮೆಲ್ಲಗೆ ಏರುತ್ತಾ, ತಿರುಗಿಸಲೂ ಬಿಗಿಯಾಗುತ್ತಿದ್ದರೆ ಸಂದಿನಲ್ಲಿ ಪುಡಿ ತುಂಬುತ್ತಿದೆ: ಕೊರೆಯುವುದು ನಿಲ್ಲಿಸಿ, ಬರೀ ಪಂಪ್ ಮಾಡಿ ತೊಳೆಯಿರಿ.

ಪಂಪ್ ನಿಲ್ಲಿಸಿದ ಮೇಲೂ ಬಾವಿ ಹರಿಯುತ್ತಿದ್ದರೆ, ಟ್ಯಾಂಕಿನ ಮಟ್ಟ ತಾನಾಗಿ ಏರಿದರೆ, ಕೆಳಗಿಂದ ಗ್ಯಾಸೋ ನೀರೋ ನುಗ್ಗಿದೆ ಅಂತ ಅರ್ಥ. ಆಗ ಚರ್ಚೆ ಬೇಡ, ಬ್ಲೋಔಟ್ ಪ್ರಿವೆಂಟರ್, ಅಂದರೆ ಬಾವಿಯ ಬಾಯಿಗೆ ಹಾಕಿದ ದೊಡ್ಡ ಕವಾಟ, ಮುಚ್ಚುವುದೇ.

ಎಡಮರೆ:

ತೂಗುಗುಂಡು ಅವರ ಉತ್ತರ ಚೆನ್ನಾಗಿದೆ, ಎರಡು ತಿದ್ದುಪಡಿ. ‘90 ಕಳೆ 78’ ಲೆಕ್ಕ ನೆಟ್ಟಗಿನ ಬಾವಿಗೆ ಮಾತ್ರ. ಓರೆ ಬಾವಿಯಲ್ಲಿ ಪೈಪು ಗೋಡೆಗೆ ಒರಗಿರುತ್ತದೆ, ಇಳಿಸಿದ ತೂಕದಲ್ಲಿ ಒಂದು ಪಾಲನ್ನು ಉಜ್ಜಾಟವೇ ತಿನ್ನುತ್ತದೆ, ಡಯಲ್ 12 ಅಂದರೂ ಬಿಟ್ಟಿಗೆ ಅಷ್ಟು ಸಿಗದು. ಇನ್ನೊಂದು, ಪೈಪು ತಿರುಗಲೇಬೇಕು ಅಂತಿಲ್ಲ. ಬಿಟ್ ಮೇಲೆ ಮಡ್ ಮೋಟರ್ ಹಾಕಿದರೆ ಮಡ್‌ನ ಹರಿವೇ ಬಿಟ್ ತಿರುಗಿಸುತ್ತದೆ, ಮೇಲಿನ ಪೈಪು ನಿಂತೇ ಇರಬಹುದು. ಬಾವಿಯನ್ನು ಬೇಕಾದ ದಿಕ್ಕಿಗೆ ತಿರುಗಿಸುವುದು ಹಾಗೆಯೇ.

ಪೈಪು ಜೋಡಿಸುವ ಮರೆಯ (ಥ್ರೆಡ್) ಬಗ್ಗೆ ಒಂದು ತಮಾಷೆ: ಪೈಪುಗಳಿಗೆಲ್ಲ ಬಲಮರೆ, ತಿರುಗಿದಷ್ಟೂ ಬಿಗಿಯಾಗಲಿ ಅಂತ. ಕೆಲ್ಲಿಯ ಮೇಲ್ತುದಿಗೆ ಮಾತ್ರ ಎಡಮರೆ. ಅದರ ಮೇಲಿನ ಸ್ವಿವೆಲ್‌ನ (ತಿರುಗುವ ಪೈಪನ್ನು ಹುಕ್ಕಿಗೆ ತೂಗಿಸುವ ಕೊಂಡಿ) ದೇಹ ತಿರುಗದೆ ನಿಂತಿರುತ್ತದೆ, ಅಲ್ಲಿ ಬಲಮರೆ ಇದ್ದರೆ ಕೊರೆಯುತ್ತಲೇ ಬಿಚ್ಚಿಕೊಳ್ಳುತ್ತಿತ್ತು.

ಮುಂಗಾರು_ಜೋಳ:

ಮೂವರಿಗೂ ಥ್ಯಾಂಕ್ಸ್. ಹಾಗಾದರೆ ನದಿ ದಡದ ಮರಳಿನಲ್ಲಿ ನೀರಿನ ಬೋರ್‌ಗೂ ಇದೇ ಪದ್ಧತಿಯೇ? ಅಲ್ಲಿ ನಮ್ಮ ಹ್ಯಾಮರ್ ಗಾಡಿ ಯಾಕೆ ಆಗಲ್ಲ?

ಜಲ್ಲಿ_ಲೆಕ್ಕ:

ಹ್ಯಾಮರ್ ಗಾಡಿಯೂ ತಿರುಗಿಸುತ್ತದೆ, ನಿಮಿಷಕ್ಕೆ ಸುಮಾರು 20 ಸುತ್ತು, ಪ್ರತಿ ಪೆಟ್ಟಿಗೂ ಬಿಟ್ಟಿನ ಕಾರ್ಬೈಡ್ ಗುಂಡಿ ಹೊಸ ಜಾಗಕ್ಕೆ ಬೀಳಲಿ ಅಂತ. ಕಗ್ಗಲ್ಲಿಗೆ ಅದನ್ನು ಮೀರಿಸಿದ್ದಿಲ್ಲ. ಮರಳಿನಲ್ಲಿ ಕುಟ್ಟಲು ಗಟ್ಟಿ ತಳವೇ ಸಿಗದು, ಗಾಳಿ ಗೋಡೆಗೆ ಆಸರೆ ಕೊಡುವ ಬದಲು ಅದನ್ನೇ ಕೆರೆದು ಹಾಕುತ್ತದೆ, ರಾಡ್ ಹೂತುಹೋಗುತ್ತದೆ. ಅಲ್ಲಿಗೆ ಮಡ್ ರೋಟರಿಯೇ ಸರಿ.

60 ಮೀಟರಿನ, 12 ಇಂಚಿನ ಬಾವಿ ಅಂದುಕೊಳ್ಳಿ. ಬಾವಿಯೊಳಗೇ 4,400 ಲೀಟರ್ ಹಿಡಿಯುತ್ತದೆ, ಮಡ್‌ಗಾಗಿ ನೆಲದಲ್ಲಿ ತೋಡುವ ಗುಂಡಿಗಳು ಅದರ ಎರಡು-ಮೂರು ಪಟ್ಟು ಇರಲಿ. ಎರಡು ಗುಂಡಿ: ಮೊದಲನೆಯದರಲ್ಲಿ ಮರಳು ಕೆಳಗೆ ಕೂತು, ತಿಳಿಯಾದದ್ದು ಎರಡನೆಯದಕ್ಕೆ ಹರಿದು, ಅಲ್ಲಿಂದ ಪಂಪಿಗೆ. 1,000 ಲೀಟರಿಗೆ 50 ಕೆ.ಜಿ. ಬೆಂಟೊನೈಟ್‌ನಿಂದ ಶುರು ಮಾಡಿ. ಮಾರ್ಷ್ ಫನೆಲ್‌ನಲ್ಲಿ (ಮಡ್ ಎಷ್ಟು ಗಟ್ಟಿ ಅಂತ ಅಳೆಯುವ ಆಲಿಕೆ) ಸಾದಾ ನೀರು 26 ಸೆಕೆಂಡಿಗೆ ಇಳಿದರೆ ಮಡ್ 35ರಿಂದ 45ರೊಳಗೆ ಇಳಿಯಬೇಕು. ಅದಕ್ಕಿಂತ ಗಟ್ಟಿ ಮಾಡಿದರೆ ಮರಳು ಗುಂಡಿಯಲ್ಲಿ ಕೂರದೆ ಪಂಪಿಗೇ ವಾಪಸ್ ಬಂದು ಲೈನರ್ (ಪಂಪಿನ ಸಿಲಿಂಡರಿನ ಒಳಕವಚ) ತಿನ್ನುತ್ತದೆ.

ಬಾವಿ ಮುಗಿದ ದಿನವೇ ಪೈಪು ಇಳಿಸಿ, ಮಾರನೇ ದಿನಕ್ಕೆ ಬಿಡಬೇಡಿ. ನೀರಿನ ಪದರದ ಎದುರಿಗೆ ಸೀಳಿರುವ ಪೈಪು, ಮಿಕ್ಕ ಕಡೆ ಸಾದಾ. ಆರಿಂಚಿನ ಪೈಪಿನ ಸುತ್ತ ಮೀಟರಿಗೆ ಸುಮಾರು 50 ಲೀಟರ್ ಜಾಗ ಉಳಿಯುತ್ತದೆ, ಪೂರ್ತಿ ತುಂಬಿದರೆ 60 ಮೀಟರಿಗೆ 3 ಘನ ಮೀಟರ್ ಉರುಟು ಜಲ್ಲಿ. ಹಾಕುವಾಗ ಬುಟ್ಟಿ ಎಣಿಸಿ. ಒಂದೂವರೆ ಘನ ಮೀಟರಿಗೇ ಜಲ್ಲಿ ಬಾಯಿಗೆ ಬಂತೆಂದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ, ಕೆಳಗೆ ಟೊಳ್ಳು. ಹಾಗೇ ಬಿಟ್ಟರೆ ಆಮೇಲೆ ಮರಳು ಎಳೆಯುತ್ತದೆ.

ಕೊನೆಗೆ ಗೋಡೆಗೆ ಮೆತ್ತಿದ ಆ ಬೆಂಟೊನೈಟ್ ಬಿಡಿಸಬೇಕು, ಇಲ್ಲದಿದ್ದರೆ ನೀರಿರುವ ಪದರಕ್ಕೆ ನಾವೇ ಗಾರೆ ಮಾಡಿದ ಹಾಗೆ. ಏರ್ ಹಾಕಿ, ನಿಲ್ಲಿಸಿ, ಮತ್ತೆ ಹಾಕಿ. ಒಂದೇ ಸಮ ಊದಿದರೆ ಜಲ್ಲಿಯೊಳಗಿನ ಜೇಡಿ ಅಲುಗುವುದಿಲ್ಲ, ನೀರು ಒಳಗೂ ಹೊರಗೂ ಹೊಯ್ದಾಡಬೇಕು. ಬಕೆಟ್ಟಿನಲ್ಲಿ ನೀರು ಹಿಡಿದು ಹತ್ತು ನಿಮಿಷ ಬಿಡಿ, ತಳದಲ್ಲಿ ಮರಳಿನ ಗೆರೆ ಕಾಣದಾಗುವವರೆಗೆ ಸಬ್‌ಮರ್ಸಿಬಲ್ ಇಳಿಸಬೇಡಿ.