ಲೋಹದ ವಾಲ್ವ್ ಇದೆ, ಎಕೋ ನಾರ್ಮಲ್ ಅಂತಾರೆ, ಜ್ವರ ಬಿಡ್ತಿಲ್ಲ

ಶಹಾಪುರದವ:
ನಮ್ಮ ಅವ್ವನಿಗೆ 52 ವರ್ಷ. ಆರು ವರ್ಷದ ಹಿಂದೆ ಹೃದಯದ ಮೈಟ್ರಲ್ ವಾಲ್ವ್ (ಎಡಭಾಗದ ಕವಾಟ) ತೆಗೆದು ಲೋಹದ್ದು ಹಾಕಿದ್ದಾರೆ. ಮೂರು ವಾರದಿಂದ ಸಂಜೆಯಾದರೆ ಚಳಿ ಹತ್ತಿ ಜ್ವರ ಏರುತ್ತದೆ, ಬೆಳಗಾಗುವಷ್ಟರಲ್ಲಿ ಸೀರೆ ಎಲ್ಲ ಬೆವರಿಗೆ ತೊಯ್ದಿರುತ್ತದೆ. ಊರಲ್ಲಿ ಎರಡು ಸಲ ಆಂಟಿಬಯೋಟಿಕ್ ಕೊಟ್ಟರು. ಗುಳಿಗೆ ತಗೊಂಡಷ್ಟು ದಿನ ಕಡಿಮೆ, ಬಿಟ್ಟರೆ ಮತ್ತೆ ಅದೇ. ಮೊನ್ನೆ ಕಲಬುರಗಿಯಲ್ಲಿ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಿದೆ. ‘ವೆಜಿಟೇಶನ್ ಇಲ್ಲ’ (ವಾಲ್ವ್ ಮೇಲೆ ರೋಗಾಣುವಿನ ಗಂಟು ಇಲ್ಲ) ಅಂತ ಬರೆದು ಮನೆಗೆ ಕಳಿಸಿದರು. ಹೃದಯದ ಸೋಂಕು ಅಲ್ಲ ಅಂತ ಸುಮ್ನೆ ಇರಬಹುದಾ?

ಎಕೋ ರೂಮಿನಕ್ಕ:
ಸುಮ್ನೆ ಇರಬೇಡಿ ಅಣ್ಣಾ. ನಾನು ದಿನಾ ಎಕೋ ಮಾಡುವವಳು, ಅದಕ್ಕೇ ಹೇಳ್ತೀನಿ. ಅಲ್ಟ್ರಾಸೌಂಡ್ ಲೋಹವನ್ನು ದಾಟುವುದಿಲ್ಲ, ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಎದೆ ಮೇಲೆ ಜೆಲ್ ಹಚ್ಚಿ ನೋಡುವಾಗ ಮೈಟ್ರಲ್ ವಾಲ್ವಿನ ಹಿಂಬದಿ ಆ ನೆರಳಲ್ಲೇ ಮುಚ್ಚಿಹೋಗುತ್ತದೆ. ರೋಗಾಣು ಗಂಟು ಕಟ್ಟುವುದು ಜಾಸ್ತಿ ಆ ಕಡೆಗೇ. ಸ್ವಂತ ವಾಲ್ವ್ ಇರುವವರಲ್ಲಿ ಎದೆ ಮೇಲಿನ ಎಕೋ 100ಕ್ಕೆ ಸುಮಾರು 70 ಕೇಸ್ ಹಿಡಿಯುತ್ತದೆ, ಹಾಕಿದ ವಾಲ್ವ್ ಆದರೆ ಸುಮಾರು 50 ಅಷ್ಟೇ.

ನೀವು ಕೇಳಬೇಕಾದದ್ದು ಟಿಇಇ, ಅಂದರೆ ಅನ್ನನಾಳದ ಒಳಗಿಂದ ಮಾಡುವ ಎಕೋ. ಬೆರಳು ದಪ್ಪದ ಪ್ರೋಬನ್ನು ಅನ್ನನಾಳಕ್ಕೆ ಇಳಿಸುತ್ತಾರೆ. ಅನ್ನನಾಳ ಎಡ ಹೃತ್ಕರ್ಣದ (ಮೈಟ್ರಲ್ ವಾಲ್ವಿನ ಹಿಂದಿನ ಕೋಣೆ) ಬೆನ್ನಿಗೇ ಅಂಟಿಕೊಂಡಿದೆ, ನಡುವೆ ಲೋಹ ಅಡ್ಡ ಬರುವುದಿಲ್ಲ. ಇದು 100ಕ್ಕೆ 90ಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಅದಕ್ಕಿಂತ ಮೊದಲು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ. ಬೇರೆ ಬೇರೆ ಕಡೆ ಚುಚ್ಚಿ ಮೂರು ಸಲ ರಕ್ತ ತೆಗೆಯಬೇಕು, ಹೊಸ ಆಂಟಿಬಯೋಟಿಕ್ ಶುರು ಮಾಡುವ ಮುಂಚೆ. ಹಿಂದೆ ನುಂಗಿದ ಗುಳಿಗೆಯ ಖಾಲಿ ಶೀಟು ಬಿಸಾಕಬೇಡಿ, ಡಾಕ್ಟರಿಗೆ ತೋರಿಸಿ. ಆ ಗುಳಿಗೆಯಿಂದಾಗಿ ಕಲ್ಚರಿನಲ್ಲಿ ರೋಗಾಣು ಬೆಳೆಯದೇ ಇರಬಹುದು. ರಕ್ತ ತೆಳುವಾಗಿಸುವ ಗುಳಿಗೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಮಾತು ತೊದಲಿದರೆ, ಕೈಕಾಲು ಬಲ ಕಳೆದುಕೊಂಡರೆ, ಉಸಿರು ಕಟ್ಟಿದರೆ ರಾತ್ರಿಯಾದರೂ ಸರಿ ಹೊರಟುಬಿಡಿ.

ಶಹಾಪುರದವ:
ಅಕ್ಕಾ, ನಿನ್ನೆ ಬೇರೆ ಕಡೆ ಅಡ್ಮಿಟ್ ಮಾಡಿದೆ. ಮೂರು ಸಲ ರಕ್ತ ತೆಗೆದರು. ನಾಳೆ ಬೆಳಿಗ್ಗೆ ಟಿಇಇ. ಅದರಲ್ಲೂ ಏನೂ ಕಾಣದಿದ್ದರೆ? ಅವ್ವ ಪೈಪ್ ನುಂಗೋಕೆ ಹೆದರಿ ಕೂತಿದ್ದಾಳೆ.

ಎಕೋ ರೂಮಿನಕ್ಕ:
ಕಾಣದೇ ಇದ್ದು ಅನುಮಾನ ಉಳಿದರೆ 5ರಿಂದ 7 ದಿನ ಬಿಟ್ಟು ಮತ್ತೆ ನೋಡುತ್ತಾರೆ, ಶುರುವಿನಲ್ಲಿ ಗಂಟು ತುಂಬಾ ಸಣ್ಣದಿರಬಹುದು. ಅವ್ವನಿಗೆ ಹೇಳಿ, ಗಂಟಲಿಗೆ ಸ್ಪ್ರೇ ಹೊಡೆದು ಮರಗಟ್ಟಿಸುತ್ತಾರೆ, ಮಂಪರು ಬರುವ ಔಷಧಿನೂ ಕೊಡುತ್ತಾರೆ. ಎಡಕ್ಕೆ ಹೊರಳಿ ಮಲಗಿ ‘ನುಂಗಿ’ ಅಂದಾಗ ನುಂಗಿದರೆ ಸಾಕು. ಅಲುಗಾಡುವ ಹಲ್ಲು ಇದ್ದರೆ, ನುಂಗುವಾಗ ತೊಂದರೆ ಇದ್ದರೆ ಇವತ್ತೇ ಸಿಸ್ಟರಿಗೆ ಹೇಳಿಬಿಡಿ. ಊಟ ನೀರು ಎಷ್ಟು ಹೊತ್ತಿಗೆ ಬಿಡಬೇಕು ಅಂತಾನೂ ಅವರನ್ನೇ ಕೇಳಿ.